ಸೂರ್ಯ ಮುಳುಗದ ಊರಿನ ಮೇಡಂ

ಆಗೋದಿಲ್ಲ ಅಂದವರು ನಮ್ಮ ದೊಡ್ಡಪ್ಪ. ಬೇರೆ ಯಾರೂ ಅಲ್ಲ. ಪಿಯುಸಿ ರಿಸಲ್ಟ್ ಬಂದು, ಚಿಕ್ಕಬಳ್ಳಾಪುರದ ಕಾಲೇಜಿಗೆ ಬಿ.ಎಸ್ಸಿ. ಸೇರುತ್ತೇನೆ ಅಂತ ನಾನು ಬಾಯಿ ಬಿಟ್ಟ ದಿನ, ಅವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೊಡವುತ್ತಾ, "ನಮ್ಮನೇಲಿ ಡಿಗ್ರೀನಾ? ಸೂರ್ಯ ಮುಳುಗದೇ ಇರೋ ದಿನ ಬರ್ಲಿ, ಆವತ್ತು ನೋಡಣ," ಅಂದರು. ಮೇಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪನ ಮಾತಿಗೆ ಎದುರಾಡುವವರು ಕಡಿಮೆ. ಅಪ್ಪ ಅಣ್ಣನ ಮುಂದೆ ತುಟಿ ಬಿಚ್ಚೋರಲ್ಲ. ಅಮ್ಮ ಮಾತ್ರ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಮುಳುಗದಿದ್ರೆ ಒಳ್ಳೇದೇ ಆಯ್ತು ಬಿಡಿ ಭಾವ, ಕರೆಂಟ್ ಉಳೀತದೆ," ಅಂದಳು.

ಅಮ್ಮನ ಹಟದಿಂದ ಹೇಗೋ ಕಾಲೇಜು ಸೇರಿದೆ. ದೊಡ್ಡಪ್ಪನ ಆ ಮಾತನ್ನು ನಾನು ಮೊದಲ ಸಲ ಹೊರಗೆ ಹೇಳಿಕೊಂಡಿದ್ದು ನಮ್ಮ ಭೌತಶಾಸ್ತ್ರದ ಮೇಡಂ ಹತ್ತಿರ, ಬಸ್ಸಿನಲ್ಲಿ. ನಗುತ್ತಾರೆ, ಇಲ್ಲಾ ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕಿಟಕಿಯಿಂದ ಮುಖ ತಿರುಗಿಸಿ, "ನಿಮ್ಮ ದೊಡ್ಡಪ್ಪಂಗೆ ಹೇಳಮ್ಮ, ಸೂರ್ಯ ಮುಳುಗದೇ ಇರೋ ಊರುಗಳು ಬೇಕಾದಷ್ಟು ಇರಬಹುದಂತೆ ಅಂತ," ಅಂದರು. ಆಮೇಲೆ ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಜಗಳ ಶುರು ಮಾಡಿದರು.

ಆ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಅವರನ್ನು "ಶಿಸ್ತಿನ ಸಿಪಾಯಿ", "ಸಮಯಪಾಲನೆಗೆ ಮಾದರಿ" ಎಂದೆಲ್ಲ ಹೊಗಳಿದರು. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ಒಂದು ದಿನವೂ ಹೊತ್ತಿಗೆ ಸರಿಯಾಗಿ ಕ್ಲಾಸಿಗೆ ಬಂದವರಲ್ಲ. ಬರುವಾಗ ಬಾಗಿಲಲ್ಲೇ, "ಬಸ್ಸು ಲೇಟಮ್ಮಾ, ನಾನಲ್ಲ," ಅನ್ನೋರು. ಸೀಮೆಸುಣ್ಣವನ್ನು ಜಡೆಯ ಗಂಟಿಗೆ ಸಿಕ್ಕಿಸಿಕೊಂಡು ಮರೆತು, ಸೀಮೆಸುಣ್ಣ ಎಲ್ಲಿ ಅಂತ ಇಡೀ ಕ್ಲಾಸನ್ನು ಹುಡುಕಿಸೋರು. ಸುಳ್ಳು ಹೊಗಳಿಕೆ ಕೇಳಿಸಿಕೊಂಡು ಕೂತಿದ್ದ ಅವರ ಮುಖ ನೋಡಿದಾಗ, ನಿಜವಾದದ್ದನ್ನು ಯಾರಾದರೂ ಬರೆಯಬೇಕು ಅನ್ನಿಸಿತು. ಕೇಳಿದ್ದಕ್ಕೆ, "ಬರಿ, ಆದ್ರೆ ಹೆಸರು ಹಾಕಬೇಡ. ಹೆಸರು ಹಾಕಿದ್ರೆ ಜನ ಹಾರ ಹಾಕ್ತಾರೆ. ವಿಷಯ ಯಾರೂ ಓದಲ್ಲ," ಅಂದರು. ಅದಕ್ಕೇ ಹೆಸರಿಲ್ಲ.

ಮೇಡಂ ಮನೆ ಚಿಂತಾಮಣಿ, ತವರು ಕೈವಾರ. ಮನೆಮಾತು ತೆಲುಗು. ಕನ್ನಡದಲ್ಲಿ ಪಾಠ ಮಾಡುತ್ತಾ ಉತ್ಸಾಹ ಬಂದರೆ ಮಧ್ಯೆ ತೆಲುಗು ನುಗ್ಗುತ್ತಿತ್ತು. "ಮೊದ್ಲು ಚೂಡು, ಆಮೇಲೆ ಮಾತಾಡು" ಅನ್ನೋದು ಅವರ ಗಾದೆ; ಚೂಡು ಅಂದರೆ ತೆಲುಗಿನಲ್ಲಿ ನೋಡು. ಪುಸ್ತಕ ನೋಡಿ ಉತ್ತರ ಹೇಳಿದವರಿಗೂ ಅದೇ ಗಾದೆ, ಪುಸ್ತಕ ನೋಡದೆ ಹೇಳಿದವರಿಗೂ ಅದೇ.

ಮೊದಲನೇ ವರ್ಷದ ಮೊದಲ ತಿಂಗಳು ನಾನು ಕೊನೇ ಬೆಂಚಿನಲ್ಲಿ ಕೂತು, ಇಂಗ್ಲಿಷ್ ಅರ್ಥವಾಗದೆ, ಡೆಸ್ಕಿನ ಮೇಲೆ ಯಾರೋ ಕೆತ್ತಿದ ಹೆಸರುಗಳನ್ನು ಓದುತ್ತಿದ್ದೆ. ಮೇಡಂ ಪ್ರಶ್ನೆ ಕೇಳಿದರು. ನಾನು ಎದ್ದು ನಿಂತು, "ಕನ್ನಡದಲ್ಲಿ ಹೇಳಬಹುದಾ?" ಅಂದೆ. ಮುಂದಿನ ಬೆಂಚಿನವರು ಕಿಸಕ್ ಅಂದರು. ಮೇಡಂ ಅವರ ಕಡೆ ತಿರುಗಿ, "ಏನ್ರಪ್ಪಾ, ಭೂಮಿ ಯಾವ ಭಾಷೇಲಿ ತಿರುಗ್ತದೆ? ಗೊತ್ತಿದ್ದೋರು ಹೇಳಿ," ಅಂದರು. ಯಾರಿಗೂ ಗೊತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಉತ್ತರ ತಪ್ಪಾಗಿತ್ತು. "ತಪ್ಪು. ಆದ್ರೆ ಪೂರ್ತಿ ಅರ್ಥ ಆಯ್ತು, ಅದೇ ಅರ್ಧ ಕೆಲಸ," ಅಂತ ಕೂರಿಸಿದರು.

ಸೂರ್ಯ ಮುಳುಗದ ಊರಿನ ಪಾಠ ಸಿಲಬಸ್ಸಿನಲ್ಲಿ ಇರಲಿಲ್ಲ. ಗುರುತ್ವದ ಪಾಠ ಮುಗಿದ ದಿನ ಮೇಡಂ ಟಿಫನ್ ಬ್ಯಾಗಿಗೆ ಕೈ ಹಾಕಿ ಒಂದು ಟೊಮ್ಯಾಟೊ ತೆಗೆದು ಮೇಜಿನ ಮೇಲಿಟ್ಟರು. ಚಿಂತಾಮಣಿಯವರ ಬ್ಯಾಗಿನಲ್ಲಿ ಟೊಮ್ಯಾಟೊ ಇರೋದು ದೊಡ್ಡ ವಿಷಯವಲ್ಲ. ಆದರೆ ಇದು ಅರೆಗಾಯಿ. ಒಂದು ಮಗ್ಗುಲು ಕೆಂಪಗೆ ಹಣ್ಣಾಗಿತ್ತು, ಇನ್ನೊಂದು ಮಗ್ಗುಲು ಕಡು ಹಸಿರು, ನಡುವೆ ಸುತ್ತಲೂ ಹಳದಿ ಪಟ್ಟಿ.

"ಇದು ಗ್ರಹ," ಅಂದರು. "ಕೆಂಪು ಕಡೆ ಯಾವಾಗ್ಲೂ ಹಗಲು. ಹಸಿರು ಕಡೆ ಯಾವಾಗ್ಲೂ ರಾತ್ರಿ. ಅಲ್ಲಿನ ಸೂರ್ಯ ನಮ್ಮದಕ್ಕಿಂತ ಚಿಕ್ಕದು, ಮಂಕು, ಕೆಂಪಗಿರ್ತದೆ. ಗ್ರಹ ಚಳಿ ಕಾಯಿಸೋಕೆ ಒಲೆ ಹತ್ರ ಕೂತಂಗೆ ಅದರ ಪಕ್ಕಾನೇ ಸುತ್ತುತ್ತದೆ. ಹತ್ರ ಇದ್ದಷ್ಟೂ ಎಳೆತ ಜಾಸ್ತಿ. ಎಳೆದು ಎಳೆದು, ಕೊನೆಗೆ ಗ್ರಹದ ಒಂದೇ ಮುಖ ಸೂರ್ಯನ ಕಡೆ ನಿಂತುಬಿಡ್ತದೆ. ನಮ್ಮ ಚಂದ್ರ ನಮಗೆ ಒಂದೇ ಮುಖ ತೋರಿಸ್ತಾನಲ್ಲ, ಹಂಗೆ."

"ಹಂಗಾದ್ರೆ ಅದು ತಿರುಗೋದೇ ಇಲ್ವಾ ಮೇಡಂ?" ಅಂತ ಒಬ್ಬ ಹುಡುಗ ಕೇಳಿದ.

ಅದಕ್ಕೆ ಮೇಡಂ ಆವತ್ತು ಉತ್ತರ ಕೊಡಲಿಲ್ಲ. ಟೊಮ್ಯಾಟೊ ತೊಳೆದು ತಿಂದುಬಿಟ್ಟರು. ಮುಂದಿನ ವಾರ ನಂದಿಗೆ ಕರಕೊಂಡು ಹೋದರು, ಬೆಟ್ಟಕ್ಕಲ್ಲ, ಕೆಳಗಿನ ಹಳೇ ದೇವಸ್ಥಾನಕ್ಕೆ. "ಪ್ರದಕ್ಷಿಣೆ ಹಾಕಿ," ಅಂದರು. ಹಾಕಿದೆವು. "ದೇವರ ಕಡೆ ಯಾವ ಭುಜ ಇತ್ತು?" ಬಲಭುಜ. "ಎಡಭುಜಕ್ಕೆ ದೇವರು ಕಾಣಿಸಿದ್ನಾ?" ಇಲ್ಲ. "ನೀವು ತಿರುಗಿದ್ರಾ, ಇಲ್ವಾ?" ಅರ್ಧ ಜನ ತಿರುಗಿದೆವು ಅಂದರು, ಅರ್ಧ ಜನ ಇಲ್ಲ ಅಂದರು. ದೇವಸ್ಥಾನದ ಕಂಬಗಳ ನಡುವೆ ಜೋರು ಜಗಳವೇ ಆಯಿತು. ಅರ್ಚಕರು ಹೊರಗೆ ಬಂದು, "ಏನಾಯ್ತಮ್ಮಾ, ಮಕ್ಕಳು ಯಾಕೆ ಕಿತ್ತಾಡ್ತಾವೆ?" ಅಂದರು. "ಗ್ರಹಚಾರ ಸ್ವಾಮಿ," ಅಂದರು ಮೇಡಂ. ಆಮೇಲೆ ನಮಗೆ ಹೇಳಿದರು: "ಸುತ್ತು ಹಾಕ್ತಾ ಬೆಟ್ಟ ನಿಮ್ಮ ಮುಖದ ಮುಂದೆ ಬಂತು, ಪಕ್ಕಕ್ಕೆ ಹೋಯ್ತು, ಬೆನ್ನಿಗೆ ಬಂತು, ಮತ್ತೆ ಮುಂದೆ ಬಂತು. ತಿರುಗಿದೀರಿ. ಆದ್ರೆ ದೇವರಿಗೆ ಅದು ಗೊತ್ತಾಗಲ್ಲ. ಅವನ ಲೆಕ್ಕಕ್ಕೆ ನಿಮಗಿರೋದು ಬಲಭುಜ ಒಂದೇ."

ನಾನೀಗ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಅರೆಗಾಯಿ ಟೊಮ್ಯಾಟೊ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋಗುತ್ತೇನೆ. ತರಕಾರಿಯವನು ಹಣ್ಣು ಕೊಡಲು ಬಂದರೆ ಬೇಡ ಅನ್ನುವ ಗಿರಾಕಿ ಅವನಿಗೆ ನಾನೊಬ್ಬಳೇ.

ಸ್ಟಾಫ್ ರೂಮಿನಲ್ಲಿ ಮೇಡಂಗೆ "ಹಗಲುಗನಸು" ಅಂತ ಅಡ್ಡಹೆಸರು. ಅವರಿಗೂ ಗೊತ್ತಿತ್ತು. "ರಾತ್ರೀನೇ ಇಲ್ಲದ ಊರಲ್ಲಿ ಬೀಳೋ ಕನಸೆಲ್ಲ ಹಗಲುಗನಸೇ ಅಲ್ವೇನಮ್ಮ? ಸರಿಯಾಗೇ ಇಟ್ಟಿದಾರೆ," ಅನ್ನೋರು. ಬಸ್ಸಿನಲ್ಲಿ ಪಕ್ಕ ಕೂತರೆ ಆ ಊರಿನ ಕಥೆ ಶುರು. ಸೂರ್ಯ ನೆತ್ತಿಯ ಮೇಲೆ ನಿಂತ ಜಾಗ ಒಲೆ. ಅಲ್ಲಿ ಸದಾ ಮೋಡ ಎದ್ದು ಅದೇ ಕೊಡೆಯಾಗಲೂಬಹುದು. ಹಿಂದಿನ ಮಗ್ಗುಲು ಹಿಮ. ಗಾಳಿ ದಟ್ಟವಾಗಿದ್ದರೆ ಈ ಕಡೆಯ ಬಿಸಿಯನ್ನು ಆ ಕಡೆಗೆ ಹೊತ್ತುಕೊಂಡು ಹೋಗಿ ಹಂಚುತ್ತದೆ, ಆಗ ಬದುಕೋಕೆ ಜಾಗ ಸಿಗುತ್ತದೆ. ಅಲ್ಲಿನ ಎಲೆ ಹಸಿರಾಗೇ ಇರಬೇಕು ಅಂತಿಲ್ಲ, ಆ ಮಂಕು ಕೆಂಪು ಬೆಳಕನ್ನೆಲ್ಲ ಹೀರಿಕೊಳ್ಳೋಕೆ ಕಪ್ಪಗಿರಬಹುದು.

ಒಂದು ದಿನ ಅವರು ಹೇಳಿದ್ದು ನನ್ನೊಳಗೆ ಕೂತುಬಿಟ್ಟಿದೆ. "ಅಲ್ಲಿ ನೆರಳು ಅಲ್ಲಾಡಲ್ಲ ಕಣಮ್ಮ. ಬಂಡೆ ನೆರಳಲ್ಲಿ ಹುಟ್ಟಿದ ಗಿಡ ಸಾಯೋ ತನಕ ನೆರಳಲ್ಲೇ. ಬಿಸಿಲು ಬರ್ತದೆ ಅಂತ ಕಾಯೋ ಹಂಗಿಲ್ಲ. ಬೇಕಾದ್ರೆ ತಾನೇ ಬಗ್ಗಬೇಕು, ಬಳ್ಳಿಯಾಗಬೇಕು, ಹರೀಬೇಕು." ಬಸ್ಸು ಶಿಡ್ಲಘಟ್ಟದ ಸ್ಟ್ಯಾಂಡಿಗೆ ತಿರುಗುತ್ತಿತ್ತು. ನಾನು ಇಳಿಯಬೇಕಿತ್ತು. "ನೀನು ಹರೀತಿದೀಯ, ಇಳಿ," ಅಂದರು.

ಈಗ ಜ್ವರದ ಕಥೆಗೆ ಬರುತ್ತೇನೆ. ಮೇಡಂ ಯಾರು ಅಂತ ಕೇಳಿದರೆ ನಾನು ಹೇಳೋದು ಇದೊಂದನ್ನೇ.

ಕೊನೇ ವರ್ಷ ನಾಲ್ಕು ದಿನ ಕಾಲೇಜಿಗೆ ಹೋಗಿರಲಿಲ್ಲ. ಮೇಡಂ ಬಸ್ಸಿನಲ್ಲೇ ವಿಚಾರಣೆ ಮಾಡಿದರು. ನಾನು ಇದ್ದದ್ದು ಇದ್ದಂಗೆ ಹೇಳಿದೆ: "ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು ಮೇಡಂ, ಮನೇಲಿ ಜನ ಇರ್ಲಿಲ್ಲ."

"ಅಯ್ಯೋ! ಎಲ್ಲಕ್ಕೂ ಬಂದಿತ್ತಾ?"

"ಹೂಂ ಮೇಡಂ, ಎಲ್ಲಕ್ಕೂ ಒಟ್ಟಿಗೇ."

"ಜೋರಾಗಿತ್ತಾ?"

"ನಾಲ್ಕನೇದು ಅಂದ್ರೆ ಜೋರೇ ಅಲ್ವಾ ಮೇಡಂ."

ಅವರು ಯೋಚನೆಗೆ ಬಿದ್ದರು. ನನಗೆ ಏನೂ ಹೊಳೆಯಲಿಲ್ಲ. ನಮ್ಮ ಕಡೆ ಹುಳ ಸಾಕುವವರಿಗೆ ಜ್ವರ ಅಂದರೆ ಏನು ಅಂತ ಹೊಸದಾಗಿ ಹೇಳಬೇಕಾದ ಪ್ರಸಂಗ ಯಾವತ್ತೂ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮನೆ ಮುಂದೆ ಆಟೋ ನಿಂತಿತು. ಮೇಡಂ ಇಳಿದರು. ಕೈಯಲ್ಲಿ ಲ್ಯಾಬಿನ ಥರ್ಮಾಮೀಟರು, ಹತ್ತಿಯಲ್ಲಿ ಸುತ್ತಿ ಜೋಪಾನವಾಗಿ ಹಿಡಿದಿದ್ದರು. "ಅಷ್ಟು ಸಣ್ಣ ಜೀವದ ಮೈಬಿಸಿ ಅಳೆಯೋದು ಒಳ್ಳೇ ಪ್ರಾಜೆಕ್ಟು ಕಣಮ್ಮ. ಜ್ವರ ಬರೋಕೆ ಮುಂಚೆ ಎಷ್ಟು, ಬಂದಾಗ ಎಷ್ಟು," ಅಂದರು. ಹುಳದ ಮನೆ ಬಾಗಿಲಿಗೆ ಬಂದವರೇ ಅಲ್ಲೇ ನಿಂತರು. ಆಗ ಗೊತ್ತಾಗಿದ್ದು, ಮೇಡಂಗೆ ಹುಳ ಅಂದರೆ ಭಯ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದು ಕಾಲು ಹೊಸಲಿನ ಒಳಗೆ, ಒಂದು ಕಾಲು ಹೊರಗೆ.

ದೊಡ್ಡಪ್ಪ ಥರ್ಮಾಮೀಟರು ನೋಡಿದರು, ಮೇಡಂ ಮುಖ ನೋಡಿದರು. ಅರ್ಥವಾಗಿದ್ದೇ ತಡ, ಅಲ್ಲೇ ಸೊಪ್ಪಿನ ರಾಶಿ ಮೇಲೆ ಕೂತು ನಕ್ಕರು. "ಲೇ ಬರ್ರೋ, ಮೇಡಮ್ಮೋರು ಹುಳಕ್ಕೆ ಜ್ವರ ನೋಡಕ್ಕೆ ಬಂದವ್ರೆ! ಬಾಯಿಗಿಡ್ತೀರೋ, ಕಂಕುಳಿಗಿಡ್ತೀರೋ ಮೇಡಮ್ಮೋರೇ? ಕಾಲು ಬೇಜಾನ್ ಅವೆ, ಕಂಕುಳ ಯಾವುದು ಅಂತ ಹುಡುಕೋದೇ ಕಷ್ಟ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ಥರ್ಮಾಮೀಟರನ್ನು ಬ್ಯಾಗಿಗೆ ಹಾಕಿ, ದೊಡ್ಡಪ್ಪನಿಗಿಂತ ಜೋರಾಗಿ ನಕ್ಕು, "ಹಂಗಾದ್ರೆ ಜ್ವರ ಅಂದ್ರೆ ಏನು? ಹೇಳಿಕೊಡಿ ಯಜಮಾನ್ರೇ," ಅಂದರು. ಆಮೇಲಿನ ವರ್ಷಗಳಲ್ಲಿ ಪ್ರತಿಯೊಂದು ಬ್ಯಾಚಿಗೂ ಈ ಕಥೆ ಅವರೇ ಹೇಳುತ್ತಿದ್ದರಂತೆ, ದೊಡ್ಡಪ್ಪನ ಧ್ವನಿಯಲ್ಲೇ.

ಹೇಳಿಕೊಟ್ಟದ್ದು ಅಮ್ಮ. "ಜ್ವರ ಅಂದ್ರೆ ಕಾಯ್ಲೆ ಅಲ್ಲ ಮೇಡಮ್ಮ. ನಿದ್ದೆ ಇದ್ದಂಗೆ. ಮೇಯ್ದು ಮೇಯ್ದು ಮೈ ಬೆಳೀತದೆ, ಚರ್ಮ ಬಿಗಿಯಾಗ್ತದೆ. ಆಗ ಮೇಯೋದು ಬಿಟ್ಟು, ತಲೆ ಎತ್ಕೊಂಡು, ಅಲ್ಲಾಡದಂಗೆ ಕೂತ್ಕೊತಾವೆ. ಹಳೇ ಚರ್ಮ ಕಳಚಿದ ಮೇಲೆ ಜ್ವರ ಎದ್ದೇಳ್ತಾವೆ. ಎದ್ದಾಗ ಹಸಿವು ಅಂದ್ರೆ ಹಸಿವು. ಗೂಡು ಕಟ್ಟೋ ಹೊತ್ತಿಗೆ ನಾಲ್ಕು ಸಲ ಹಿಂಗೆ."

"ರಾತ್ರಿ ಹೊತ್ತಾ?"

"ಹೊತ್ತು ಗೊತ್ತು ನೋಡಲ್ಲ. ಚರ್ಮ ಬಿಗಿಯಾದ್ರೆ ಆಯ್ತು."

ಮೇಡಂ ಎರಡನೇ ಕಾಲನ್ನೂ ಹೊಸಲಿನ ಒಳಗೆ ಇಟ್ಟಿದ್ದು ಆಗ. ಗೋಡೆಗೆ ಒರಗಿ, ಹುಳದ ತಟ್ಟೆಗಳನ್ನೇ ನೋಡುತ್ತಾ, ಸೂರ್ಯ ಮುಳುಗದ ಊರಿನ ಕಥೆಯನ್ನು ಅಮ್ಮನಿಗೂ ದೊಡ್ಡಪ್ಪನಿಗೂ ಹೇಳಿದರು. ದೊಡ್ಡಪ್ಪ ಬೀಡಿ ಹಚ್ಚೋದು ಮರೆತು ಕೇಳಿದರು. ಕೊನೆಗೆ, "ಅಲ್ಲಾ ಮೇಡಮ್ಮೋರೇ, ಆ ಊರಲ್ಲಿ ಕೋಳಿ ಯಾವಾಗ ಕೂಗ್ತದೆ?" ಅಂದರು.

ತಮಾಷೆಗೇ ಕೇಳಿದ್ದು. ಮೇಡಂ ತಮಾಷೆ ಅಂದುಕೊಳ್ಳಲಿಲ್ಲ. ನನ್ನ ರಟ್ಟೆ ಹಿಡಿದು, "ಇದೇ ಕಣಮ್ಮ ನಿನ್ನ ಪ್ರಾಜೆಕ್ಟು," ಅಂದರು. ರಾತ್ರಿಯೇ ಬಾರದ ಕಡೆ ಜೀವಕ್ಕೆ ಹೊತ್ತು ತಿಳಿಸೋರು ಯಾರು? ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಯಾವಾಗ ಎಲ್ಲರೂ ಒಟ್ಟಿಗೆ ಹುಟ್ಟಬೇಕು?

ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. "ಫಿಸಿಕ್ಸ್ ಡಿಪಾರ್ಟ್‌ಮೆಂಟು ರೇಷ್ಮೆ ಇಲಾಖೆ ಅಲ್ಲ ಮೇಡಂ. ಹೊರಗಿನಿಂದ ಬರೋ ಪರೀಕ್ಷಕರು ಇದನ್ನ ತಿರಸ್ಕರಿಸಿದ್ರೆ ಈ ಹುಡುಗಿ ಪ್ರಾಜೆಕ್ಟಿನಲ್ಲಿ ಫೇಲು. ಡಿಗ್ರಿ ಬರಲ್ಲ. ಅವಳ ಮನೇಲಿ ಇನ್ನೊಂದು ವರ್ಷ ಕಾಯ್ತಾರಾ?" ಅವರು ಕೆಟ್ಟವರಲ್ಲ, ಹೇಳಿದ್ದು ನಿಜವೇ. ನಮ್ಮನೆಯಲ್ಲಿ ಕಾಯುತ್ತಿರಲಿಲ್ಲ. ಮೇಡಂ ನನ್ನನ್ನು ಹೊರಗೆ ಕರೆದು, "ಬೇರೆ ವಿಷಯ ಕೊಡ್ತೀನಿ, ಲೋಲಕದ್ದು. ಅದರಲ್ಲಿ ಯಾರೂ ಫೇಲ್ ಆಗಿಲ್ಲ. ನೀನೇ ಹೇಳು," ಅಂದರು. ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಡುತ್ತಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. "ಹುಳಾನೇ ಇರ್ಲಿ ಮೇಡಂ," ಅಂದೆ.

ಅರ್ಧ ಲೆಕ್ಕ, ಅರ್ಧ ಹುಳ. ಲೆಕ್ಕ ನಾನೂ ಮೇಡಂ ಸೇರಿ ಮಾಡಿದೆವು: ಯಾವ ಮಗ್ಗುಲು ಎಷ್ಟು ಬಿಸಿ, ಗಾಳಿ ಎಷ್ಟಿದ್ದರೆ ನೀರು ನೀರಾಗಿ ಉಳಿದೀತು, ಜೀವ ಇರೋಕೆ ಎಲ್ಲಿಂದ ಎಲ್ಲಿವರೆಗೆ ಜಾಗ. ಹುಳಕ್ಕೆ ದೊಡ್ಡಪ್ಪ ಹಳೇ ದನದ ಕೊಟ್ಟಿಗೆ ಬಿಟ್ಟುಕೊಟ್ಟರು, ಗೊಣಗಿಕೊಂಡೇ. "ಹಗಲೂ ರಾತ್ರಿ ಲೈಟ್ ಹಾಕಿ ಹುಳ ಮೇಯಿಸ್ತಾರಂತೆ. ನಮ್ಮ ಹುಳದ ಮನೆ ಕಡೆ ಮಾತ್ರ ಈ ಆಟ ತರಬೇಡಿ."

ನಮ್ಮ ಕಡೆ ಹುಳದ ಮೊಟ್ಟೆ ಒಡೆಯುವ ಮುಂಚೆ ಅವನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಡುತ್ತೇವೆ. ಮೊದಲೇ ಸಿದ್ಧವಾದ ಮರಿಗಳು ಕತ್ತಲಲ್ಲಿ ತಡೆದುಕೊಂಡಿರುತ್ತವೆ, ಹಿಂದೆ ಬಿದ್ದವು ಅಷ್ಟರಲ್ಲಿ ಬಂದು ಸೇರಿಕೊಳ್ಳುತ್ತವೆ. ಬೆಳಿಗ್ಗೆ ಬಟ್ಟೆ ಬಿಚ್ಚಿ ಬೆಳಕು ಬಿಟ್ಟರೆ ಎಲ್ಲವೂ ಒಟ್ಟಿಗೇ ಹೊರಗೆ. ಅರ್ಧ ಮೊಟ್ಟೆಗೆ ಹಾಗೇ ಮಾಡಿದೆವು. ಇನ್ನರ್ಧ ಮೊಟ್ಟೆಗೆ ಕತ್ತಲೆಯೇ ತೋರಿಸಲಿಲ್ಲ. ಕಿಟಕಿಯಿಲ್ಲದ ಕೊಟ್ಟಿಗೆಯಲ್ಲಿ, ಸದಾ ಉರಿಯುವ ಟ್ಯೂಬ್‌ಲೈಟ್ ಕೆಳಗೆ ಅವು ಇದ್ದವು. ಅದಕ್ಕೆ ದೊಡ್ಡಪ್ಪ ಇಟ್ಟ ಹೆಸರು "ಆ ಊರು".

ನಮ್ಮೂರಿನ ಕರೆಂಟು ಎಂಥದ್ದು ಅಂತ ಹೇಳಬೇಕಾಗಿಲ್ಲ. ಕರೆಂಟ್ ಹೋದರೆ ಆ ಊರಿನಲ್ಲಿ ರಾತ್ರಿ. ರಾತ್ರಿ ಆದರೆ ಪ್ರಯೋಗ ಹಾಳು. ಚಾರ್ಜಿನ ದೀಪ ಒಂದಿತ್ತು, ಆದರೆ ಹಚ್ಚೋರು ಯಾರು? ಅಮ್ಮ ತೋಟದಲ್ಲಿ, ನಾನು ಕಾಲೇಜಿನಲ್ಲಿ. ಮೊದಲ ವಾರ ಕ್ಲಾಸಿನಲ್ಲಿ ಫ್ಯಾನ್ ನಿಂತರೆ ಸಾಕು, ನನ್ನ ಗಮನ ಕೊಟ್ಟಿಗೆಗೆ ಓಡುತ್ತಿತ್ತು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಊರೆಲ್ಲ ಕರೆಂಟಿಲ್ಲ. ಓಡಿ ಕೊಟ್ಟಿಗೆ ಬಾಗಿಲು ತೆಗೆದರೆ ಒಳಗೆ ಝಗ್ ಅಂತ ಬೆಳಕು. ದೊಡ್ಡಪ್ಪ ಮಂಕರಿ ಬೋರಲು ಹಾಕಿ ಅದರ ಮೇಲೆ ಕೂತು, ಎರಡೂ ಕೈಯಲ್ಲಿ ಚಾರ್ಜಿನ ದೀಪ ಎತ್ತಿ ಹಿಡಿದಿದ್ದಾರೆ. ನನ್ನನ್ನು ನೋಡಿ ಸಿಕ್ಕಿಬಿದ್ದವರ ಹಾಗೆ, "ಬಾಗ್ಲಾಕೇ! ಸೊಳ್ಳೆ ಬರ್ತವೆ," ಅಂತ ಗದರಿದರು. ಅಮ್ಮ ಆಮೇಲೆ ಹೇಳಿದಳು. ಕರೆಂಟ್ ಹೋದಾಗೆಲ್ಲ, "ಆ ಊರಲ್ಲಿ ಸೂರ್ಯ ಮುಳುಗ್ತಾವ್ನೆ!" ಅಂತ ಕೂಗಿಕೊಂಡು ಅವರೇ ಓಡುತ್ತಿದ್ದರಂತೆ. ನನಗೆ ಹೇಳಬೇಡ ಅಂತ ಬೇರೆ ಅಂದಿದ್ದರಂತೆ.

ಕತ್ತಲು ಕಂಡ ಮೊಟ್ಟೆಗಳು ಒಂದೇ ಬೆಳಿಗ್ಗೆ ಒಡೆದವು. ಆ ಊರಿನ ಮೊಟ್ಟೆಗಳಿಗೆ ಒಗ್ಗಟ್ಟೇ ಇರಲಿಲ್ಲ. ಇವತ್ತಷ್ಟು, ನಾಳೆಯಷ್ಟು, ಮನಸ್ಸು ಬಂದಾಗ ಒಂದೊಂದು. ನನಗೆ ಅಳುವೇ ಬಂತು, ಪ್ರಯೋಗ ಕೆಟ್ಟಿತು ಅಂದುಕೊಂಡೆ. ಮೇಡಂ ಕುಣಿಯೋದೊಂದು ಬಾಕಿ. "ಕೆಟ್ಟಿಲ್ಲ ಕಣೇ! ಕತ್ತಲು ಅನ್ನೋದು ಕಾಲೇಜ್ ಬೆಲ್ಲು ಇದ್ದಂಗೆ. ಬೆಲ್ ಇಲ್ದಿದ್ರೂ ಬರೋರು ಬಂದೇ ಬರ್ತಾರೆ, ನನ್ನ ಥರ ಬರ್ತಾರೆ ಅಷ್ಟೆ." ನಿಜ. ಆ ಊರಿನ ಹುಳಗಳೂ ಮೇಯ್ದವು. ತಮ್ಮ ತಮ್ಮ ಹೊತ್ತಿಗೆ ಒಂದೊಂದೂ ಜ್ವರಕ್ಕೆ ಕೂತವು, ಎದ್ದವು. ನಾಲ್ಕು ಸಲ, ಬಿಡದಂತೆ. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಾವು ಚಂದ್ರಿಕೆ ಅನ್ನುತ್ತೇವೆ. ಹಾಗೆ ಬಿಡುವ ದಿನ ಮೇಡಂ ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಂಗೈ ಚಾಚಿದರು. ಅಮ್ಮ ಒಂದು ಹುಳ ಇಟ್ಟಳು. ಮೇಡಂ ಕಿರುಚಿದರು, ಆದರೆ ಕೈ ಕೊಡವಲಿಲ್ಲ. ತಾವೇ ಅದನ್ನು ಚಂದ್ರಿಕೆಗೆ ಬಿಟ್ಟು, "ಸೂರ್ಯ ಮುಳುಗದ ಊರಿಗೂ ಚಂದ್ರಿಕೆ ಬಂತಲ್ಲಪ್ಪಾ," ಅಂದರು.

ವರದಿ ಬರೆಯುವಾಗ ನಾನು ಜ್ವರ ಅನ್ನೋದನ್ನು ತೆಗೆದು ಪುಸ್ತಕದ ಇಂಗ್ಲಿಷ್ ಪದ ಹಾಕಲು ಹೋದೆ. ಮೇಡಂ ಬಿಡಲಿಲ್ಲ. "ನಿಮ್ಮನೆ ಪದ ಇರ್ಲಿ. ಮೊದಲನೇ ಪುಟದಲ್ಲಿ ಅರ್ಥ ಬರಿ, ಓದೋರು ಓದ್ಕೊಳ್ಳಲಿ." ಜೊತೆಗೆ ಇನ್ನೊಂದು ಮಾತು: "ವೈವಾದಲ್ಲಿ ನಾನು ಬಾಯಿ ಬಿಡಲ್ಲ. ನಾನು ಬಿಟ್ರೆ ಅದು ನನ್ನ ಡಿಗ್ರಿ ಆಗ್ತದೆ."

ಪರೀಕ್ಷಕರು ಮೊದಲನೇ ಪುಟ ಓದಲಿಲ್ಲ. ನಡುವಿನಿಂದ ತೆಗೆದರು. ಹುಬ್ಬು ಗಂಟಾಯಿತು. "ಏನಮ್ಮ ಇದು, ಮೊದಲನೇ ಜ್ವರ, ಎರಡನೇ ಜ್ವರ? ಜ್ವರ ಬಂದ ಹುಳ ಇಟ್ಕೊಂಡು ಪ್ರಯೋಗ ಮಾಡಿದೀಯ. ಕಾಯಿಲೆ ಹುಳದ ಲೆಕ್ಕಾನ ತಗೊಂಡು ಹೋಗಿ ಆಕಾಶಕ್ಕೆ ಅಂಟಿಸಿದೀಯ. ಇದನ್ನ ಹೆಂಗೆ ಒಪ್ಪೋದು?" ವಿಭಾಗದ ಮುಖ್ಯಸ್ಥರು ನಾನು ಹೇಳಿರಲಿಲ್ಲವೇ ಅನ್ನೋ ಹಾಗೆ ಸೂರು ನೋಡಿದರು. ಮೇಡಂ ಕಿಟಕಿ ನೋಡುತ್ತಿದ್ದರು, ತುಟಿ ಬಿಗಿ.

ಫೇಲಾದೆ ಅಂದುಕೊಂಡೆ. ಅಷ್ಟರಲ್ಲಿ ಹತ್ತಿಯಲ್ಲಿ ಸುತ್ತಿದ ಆ ಥರ್ಮಾಮೀಟರು ಕಣ್ಣ ಮುಂದೆ ಬಂತು. ತಡೆಯಲಾಗದೆ ನಕ್ಕುಬಿಟ್ಟೆ. ಪರೀಕ್ಷಕರು ಬೆಚ್ಚಿದರು.

"ತಪ್ಪು ತಿಳೀಬೇಡಿ ಸರ್. ಮುಂಚೆ ಒಬ್ಬರು ಇದೇ ಮಾತು ಕೇಳಿ ಥರ್ಮಾಮೀಟರ್ ತಗೊಂಡು ನಮ್ಮನೆಗೇ ಬಂದಿದ್ರು." ಮೇಡಂ ಸೆರಗು ಬಾಯಿಗೆ ಹೋಯಿತು. ಆಮೇಲೆ ನನಗೆ ಭಯ ಇರಲಿಲ್ಲ. ಅಮ್ಮ ಹೇಳಿದ್ದನ್ನು ಅಮ್ಮ ಹೇಳಿದ ಹಾಗೇ ಹೇಳಿದೆ. ಕಪ್ಪು ಬಟ್ಟೆ, ಒಗ್ಗಟ್ಟಿಲ್ಲದ ಮೊಟ್ಟೆ, ತಪ್ಪದ ಜ್ವರ, ಎಲ್ಲ ಹೇಳಿದೆ.

ಅವರು ಮೊದಲನೇ ಪುಟಕ್ಕೆ ಹಿಂದಿರುಗಿ ಓದಿದರು, ನಿಧಾನವಾಗಿ. ಕನ್ನಡಕ ತೆಗೆದರು. "ಸರಿ, ಒಪ್ಪಿದೆ. ಆದ್ರೆ ನಿನ್ನ ಹುಳ ಈ ಭೂಮಿದು. ಅದರ ಅಜ್ಜ, ಮುತ್ತಜ್ಜ ಎಲ್ಲ ರಾತ್ರಿ ಕಂಡೋರು. ರಾತ್ರೀನೇ ಕಾಣದ ಗ್ರಹದಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ನಿದ್ದೆ ಕಲಿಸೋರು ಯಾರು?"

ಮೊದ್ಲು ಚೂಡು, ಆಮೇಲೆ ಮಾತಾಡು. ಕಣ್ಣ ಮುಂದೆ ತಟ್ಟೆಯ ಹುಳಗಳನ್ನು ತಂದುಕೊಂಡೆ, ತಲೆ ಎತ್ತಿ ಅಲ್ಲಾಡದೆ ಕೂತವನ್ನು.

"ಒಟ್ಟಿಗೆ ಏಳಿಸೋರು ಯಾರು ಅನ್ನೋದು ನಂಗೊತ್ತಿಲ್ಲ ಸರ್. ಪಕ್ಕದ ಗ್ರಹ ಹತ್ರ ಬಂದು ಹೋಗೋದೋ, ಆ ಸೂರ್ಯ ಆಗಾಗ ಭಗ್ ಅಂತ ಉರಿಯೋದೋ, ಏನೋ ಒಂದು ಬೆಲ್ ಆಗಬಹುದು. ಆದ್ರೆ ಜ್ವರಕ್ಕೆ ಯಾರೂ ಕಲಿಸೋದು ಬೇಡ. ಅದು ರಾತ್ರಿಗೋಸ್ಕರ ಬರೋದಲ್ಲ, ಚರ್ಮ ಬಿಗಿಯಾಗಿದ್ದಕ್ಕೆ ಬರೋದು. ಬೆಳೆಯೋ ಜೀವ ಯಾವ ಗ್ರಹದಲ್ಲಿದ್ರೂ ಒಂದಿನ ಅದಕ್ಕೆ ಹಳೇ ಚರ್ಮ ಸಾಲದೇ ಬರ್ತದೆ ಸರ್. ಸೂರ್ಯ ಮುಳುಗಲಿ, ಬಿಡಲಿ."

ಪರೀಕ್ಷಕರು ಪೆನ್ನು ಕೇಳಿದರು. ಕೊಟ್ಟವರು ನಮ್ಮ ವಿಭಾಗದ ಮುಖ್ಯಸ್ಥರು. ಪರೀಕ್ಷಕರು ಸಹಿ ಹಾಕಿ, "ಜ್ವರ ಅನ್ನೋ ಪದ ತೆಗೀಬೇಡಿ, ಚೆನ್ನಾಗಿದೆ," ಅಂದರು.

ಹೊರಗೆ ಬಂದ ಮೇಲೆ ಮೇಡಂ ಭೇಷ್ ಅನ್ನಲಿಲ್ಲ, ಬೆನ್ನು ತಟ್ಟಲಿಲ್ಲ. "ಹಸಿವಾಗ್ತಿದೆಯಾ?" ಅಂದರು. ಹೊಟ್ಟೆ ಉರಿಯುವಷ್ಟು ಹಸಿವು, ಅದುವರೆಗೆ ಗೊತ್ತೇ ಆಗಿರಲಿಲ್ಲ. "ಆಗಲೇಬೇಕು. ಜ್ವರ ಎದ್ದಿದೀಯಲ್ಲ," ಅಂತ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರಕೊಂಡು ಹೋಗಿ, ಒಂದಾದ ಮೇಲೊಂದು ದೋಸೆ ಹಾಕಿಸಿದರು. ಅವರ ಬಸ್ಸು ಹೊರಟುಹೋಯಿತು. ತಿರುಗಿಯೂ ನೋಡಲಿಲ್ಲ.

ಕಾಲೇಜಿನ ಪದವಿ ಪ್ರದಾನದ ದಿನ ನಮ್ಮ ಮನೆಯಿಂದ ಎಲ್ಲರೂ ಬಂದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳೀ ಪಂಚೆ ಉಟ್ಟು, ಮೂರನೇ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ನಮ್ಮ ವಿಭಾಗದ ಸರ್ಟಿಫಿಕೇಟ್ ಕೊಡುವ ಸರದಿ ಮೇಡಂದು. ನನ್ನ ಹೆಸರು ಕೂಗಿದರು. ನಾನು ವೇದಿಕೆ ಹತ್ತಿದೆ. ಮೇಡಂ ಸರ್ಟಿಫಿಕೇಟು ಹಿಡಿದವರು ಕೊಡದೆ ಮೈಕಿನಲ್ಲೇ, "ಯಜಮಾನ್ರೇ, ಮೂರನೇ ಸಾಲು, ನೀವೂ ಬನ್ನಿ," ಅಂದರು. ದೊಡ್ಡಪ್ಪ ಹಿಂದೆ ಮುಂದೆ ನೋಡಿದರು. ಅಮ್ಮ, "ಎದ್ದೇಳಿ ಭಾವ, ನಿಮ್ಮನ್ನೇ," ಅಂತ ತಿವಿದಳು. ಅಪ್ಪ, ಜೀವಮಾನದಲ್ಲಿ ಮೊದಲ ಸಲ ಅಣ್ಣನಿಗೆ ಹೇಳಿದರು: "ಹೋಗಣ್ಣ."

ದೊಡ್ಡಪ್ಪ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು. ಮೇಡಂ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಹುಳದ ತಟ್ಟೆ ಹಿಡಿದ ಹಾಗೆ, ಎರಡು ಕೈಯಲ್ಲೂ, ಒಂದಿಷ್ಟೂ ಓರೆಯಾಗದಂತೆ ಹಿಡಿದುಕೊಂಡರು. ಸಭಾಂಗಣದ ತೆರೆದ ಬಾಗಿಲಿನಿಂದ ಸಂಜೆ ಬಿಸಿಲು ಒಳಗೆ ಬಿದ್ದಿತ್ತು. ಹೊರಗೆ ಬೆಟ್ಟಸಾಲಿನ ಮೇಲೆ ಸೂರ್ಯ ಅರ್ಧ ಇಳಿದಿದ್ದ.

ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಸೂರ್ಯ ಮುಳುಗದೇ ಇರೋ ದಿನ ಅಂದಿದ್ರಲ್ಲ ದೊಡ್ಡಪ್ಪ? ನೋಡಿ ಅಲ್ಲಿ, ಮುಳುಗ್ತಾವ್ನೆ."

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. ಸರ್ಟಿಫಿಕೇಟಿನಿಂದ ಕೈ ತೆಗೆಯಲಿಲ್ಲ.

"ಇವ್ನು ಮುಳುಗ್ಲಿ ಬಿಡು ಮಗಾ," ಅಂದರು. "ನಮ್ಮ ಕೊಟ್ಟಿಗೇಲಿದ್ದೋನ್ನ ನಾನು ಮುಳುಗೋಕೆ ಬಿಟ್ನಾ?"